ತೋಡಾರಿನ ಆ ಹತ್ತು ನಿಮಿಷ

ಬಿ.ಸಿ.ರೋಡ್
ಬುಧವಾರ ಮಧ್ಯಾಹ್ನ

ಪ್ರೀತಿಯ ಸಾಬಿತ್,

ಈ ಕಾಲದಲ್ಲಿ ಕಾಗದವಾ, ವೀರಣ್ಣನಿಗೆ ತಲೆ ಕೆಟ್ಟಿದೆಯಾ ಎಂದು ನೀನು ನಗಬಹುದು. ನಗು ಮಾರಾಯ. ಫೋನಿನಲ್ಲೇ ಹೇಳುವ ಅಂತ ಬೆಳಿಗ್ಗೆಯಿಂದ ನಾಲ್ಕು ಸಲ ನಿನ್ನ ನಂಬರ್ ತೆಗೆದೆ. ಹೇಳಿದರೆ ನೀನು "ಬೇಡ ವೀರಣ್ಣ, ಹಾಗೆ ಮಾಡ್ಬೇಡಿ" ಎನ್ನುತ್ತೀ, ನಾನು ಒಳಗೊಳಗೇ ಸಂತೋಷಪಟ್ಟು ಒಪ್ಪಿಬಿಡುತ್ತೇನೆ. ನನ್ನ ಧೈರ್ಯ ಎಷ್ಟೆಂದು ನನಗೆ ಗೊತ್ತುಂಟು. ಅದಕ್ಕೇ ಬಂಟ್ವಾಳ ಕೋರ್ಟಿನ ವಕೀಲರ ಕೋಣೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಮ್ಮ ಗುಮಾಸ್ತ ಶೇಷಪ್ಪಣ್ಣ ಮೂರೂವರೆಯ ಮೂಡುಬಿದಿರೆ ಬಸ್ಸಿಗೆ ಹೊರಡುತ್ತಾರೆ, ಸಂಜೆಯೊಳಗೆ ಇದನ್ನು ನಿನ್ನ ಕೈಗೇ ಕೊಡುತ್ತಾರೆ. ಅಷ್ಟರೊಳಗೆ ಮುಗಿಸಬೇಕು. ಕೈ ಬೆವರಿ ಎರಡು ಹಾಳೆ ಆಗಲೇ ಹಾಳಾದವು.

ನಾಳೆ ಹನ್ನೊಂದಕ್ಕೆ ಫುಟ್ಬಾಲ್ ಫೆಡರೇಶನ್ನಿನ ಸಮಿತಿಯ ಮುಂದೆ ನಿನ್ನ ವಿಚಾರಣೆ. ಕ್ಲಬ್ಬು ನಿನ್ನ ಎರಡು ವರ್ಷದ ಕರಾರು ಮುರಿದದ್ದು ಸರಿಯಾ, ಅವರು ಕೇಳುವ ಹಾಗೆ ನಿನ್ನನ್ನು ಒಂದು ವರ್ಷ ಎಲ್ಲಿಯೂ ಆಡದ ಹಾಗೆ ಮಾಡಬೇಕಾ, ಅದು ತೀರ್ಮಾನವಾಗುತ್ತದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ವರ್ಷ ಹೊರಗೆ ಕೂತವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ನಾನು ಕಂಡಿದ್ದೇನೆ.

ನನ್ನ ಕಥೆ ನಿನಗೆ ಅರ್ಧ ಗೊತ್ತು. ಗೋವಾದಲ್ಲಿ ಆರು ವರ್ಷ, ಕೋಲ್ಕತ್ತಾದಲ್ಲಿ ಮೂರು ವರ್ಷ ಸಂಬಳಕ್ಕೆ ಆಡಿದವ ನಾನು. ಮೊಣಕಾಲು ಹೋದ ವಾರವೇ ಅಲ್ಲಿಯ ಕ್ಲಬ್ಬಿನವರು ಒಂದು ಕಾಗದ ಮುಂದಿಟ್ಟರು. ಓದದೆ ಸಹಿ ಹಾಕಿದೆ. ಚಿಕಿತ್ಸೆಯ ಖರ್ಚು ಕೇಳುವ ಹಕ್ಕನ್ನೇ ಬಿಟ್ಟುಕೊಟ್ಟಿದ್ದೆ ಎಂದು ತಿಳಿದದ್ದು ಊರಿಗೆ ಬಂದ ಮೇಲೆ. ಆ ಸಿಟ್ಟಿನಲ್ಲೇ ಮೂವತ್ತೊಂದನೇ ವಯಸ್ಸಿನಲ್ಲಿ ಮಂಗಳೂರಿನ ಲಾ ಕಾಲೇಜಿಗೆ ಸೇರಿದೆ. ಮೊದಲ ದಿನ ಒಳಗೆ ಹೋದಾಗ ಹುಡುಗರು ನನ್ನನ್ನು ಲೆಕ್ಚರರ್ ಎಂದು ತಿಳಿದು ಎದ್ದು ನಿಂತಿದ್ದರು! ಈಗ ಊರವರು "ನಿಮ್ಮ ಎರಡನೇ ಇನ್ನಿಂಗ್ಸ್ ಭಾರೀ ಲಾಯ್ಕ್ ಉಂಟು" ಎಂದು ಹೊಗಳುತ್ತಾರೆ. ಅದು ಕ್ರಿಕೆಟ್ ಮಾರಾಯ್ರೆ ಎನ್ನಬೇಕೆಂದು ಬಾಯಿಗೆ ಬರುತ್ತದೆ.

ಇನ್ನೊಬ್ಬ ಆಟಗಾರ ಓದದೆ ಸಹಿ ಹಾಕಬಾರದು, ಅದೊಂದೇ ನನ್ನ ಹಟವಾಗಿತ್ತು. ಅದಕ್ಕೇ ವಕೀಲಿಯ ಜೊತೆಗೆ ಆಟಗಾರರ ಏಜೆಂಟನೂ ಆದೆ. ನಿನ್ನ ಕರಾರನ್ನು ನಿಮ್ಮ ಜಗಲಿಯಲ್ಲಿ ಕೂತು ಸಾಲು ಸಾಲಾಗಿ ತುಳುವಿನಲ್ಲಿ ಹೇಳಿದವ ನಾನೇ. ಕ್ಲಬ್ಬಿನ ಲಿಖಿತ ಅನುಮತಿ ಇಲ್ಲದೆ ಬೇರೆ ಯಾವ ಪಂದ್ಯದಲ್ಲೂ ಕಾಲಿಡಬಾರದು ಎಂಬ ಸಾಲಿನ ಅಡಿಗೆ ಕೆಂಪು ಗೆರೆ ಎಳೆದವನೂ ನಾನೇ.

ಆದರೆ ನಮ್ಮ ಸೆವೆನ್ಸ್ ಗೊತ್ತುಂಟಲ್ಲ. ಕೊಯ್ಲಾದ ಗದ್ದೆ, ಏಳೇಳು ಜನ, ಗದ್ದೆಯ ಸುತ್ತ ಇಡೀ ಊರು. ಊರಿನ ತಂಡ ಕರೆದರೆ ಎಷ್ಟು ದೊಡ್ಡ ಕ್ಲಬ್ಬಿನವನೂ ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಎಂದರೆ, "ಅವ ಈಗ ದೊಡ್ಡ ಜನ" ಎಂಬ ಮಾತು ಮನೆಯ ಬಾಗಿಲವರೆಗೆ ಬರುತ್ತದೆ. ಆದರೂ ಆ ದಿನ ತೋಡಾರಿನ ಗದ್ದೆಯಲ್ಲಿ ನೀನು ಇಲ್ಲ ಎಂದೇ ಹೇಳಿದೆ! ತಂಡದ ಕ್ಯಾಪ್ಟನ್ ನವಾಝ್ ಬಂದು ಕೈ ಹಿಡಿದು ಎಳೆದಾಗ "ಕರಾರು ಉಂಟು, ಆಗುವುದಿಲ್ಲ" ಎಂದೆ. ಎಂದು, ಸ್ಟೇಜಿನಲ್ಲಿದ್ದ ನನ್ನ ಮುಖ ನೋಡಿದೆ. ನಾನು ಬೇಡ ಎಂದು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಹೆಗಲಲ್ಲಿ ಸನ್ಮಾನದ ಶಾಲು, ಮೈಕಿನಲ್ಲಿ ನನ್ನದೇ ಹೊಗಳಿಕೆ. ನಾನು ಸ್ಟೇಜಿನ ಅಂಚಿಗೆ ಬಂದು, "ಹತ್ತು ನಿಮಿಷ ಅಲ್ವಾ, ಇಳಿ. ನಾನಿದ್ದೇನೆ" ಎಂದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಏಳನೇ ನಿಮಿಷಕ್ಕೆ ನಿನ್ನ ಪಾದ ತಿರುಚಿತು, ಸಂಜೆಯೊಳಗೆ ವೀಡಿಯೊ ಎಲ್ಲರ ಫೋನಿನಲ್ಲಿತ್ತು, ನಾಲ್ಕನೇ ದಿನ ಕ್ಲಬ್ಬಿನ ಪತ್ರ ಬಂತು.

ಇದು ತಪ್ಪು. ಆದರೆ ಇದಕ್ಕಿಂತ ದೊಡ್ಡದು ಇನ್ನೊಂದು ಉಂಟು. ಕ್ಲಬ್ಬಿಗೆ ಉತ್ತರ ಬರೆಯಲು ನೀನು ಕುಂಟುತ್ತಾ ಆಫೀಸಿಗೆ ಬಂದೆಯಲ್ಲ, ನಾನು ಬಾಯಿ ತೆರೆಯುವ ಮೊದಲೇ ನೀನೇ ಹೇಳಿದೆ: "ಯಾರೂ ಹೇಳಲಿಲ್ಲ ಅಂತ ಹಾಕಿ ವೀರಣ್ಣ, ನಾನೇ ಇಳಿದೆ ಅಂತ." ನಾನು ಬೇಡ ಎನ್ನಲಿಲ್ಲ. ಹಾಗೇ ಟೈಪ್ ಮಾಡಿದೆ. ನಿನ್ನ ಸಹಿ ತೆಗೆದುಕೊಂಡೆ. ನನ್ನ ಏಜೆಂಟ್ ಪರವಾನಗಿ ಹೋದರೆ ನಾನು ನೋಡಿಕೊಳ್ಳುವ ಉಳಿದ ಹನ್ನೊಂದು ಮಂದಿ ಆಟಗಾರರ ಗತಿ ಏನು ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಸುಳ್ಳು, ಸಾಬಿತ್. ನನಗೆ ನನ್ನದೇ ಹೆದರಿಕೆ ಇತ್ತು.

ನಿನ್ನೆ ನಿನ್ನ ಉಮ್ಮ ಫೋನ್ ಮಾಡಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಆ ಹೆಸರು ಕಂಡದ್ದೇ ಎದ್ದು ಆಫೀಸಿನ ಬಾಗಿಲು ಹಾಕಿಕೊಂಡೆ. ಅವರು ನನ್ನನ್ನು ಬೈಯಲಿಲ್ಲ. "ವಕೀಲರೇ, ನೀವು ಅಷ್ಟು ಓದಿ ಹೇಳಿದರೂ ಇವ ಕೇಳಲಿಲ್ಲವಲ್ಲ. ನನಗೆ ನಾಚಿಕೆ ಆಗ್ತದೆ. ಅವನನ್ನು ಬಿಟ್ಟುಬಿಡಬೇಡಿ" ಎಂದು ಅತ್ತರು. ಎರಡು ವಾರದಿಂದ ನಿನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲವಂತೆ. ಇಳಿಸಿದ್ದು ನಾನೆಂದು ನೀನು ಹೆತ್ತವಳಿಗೂ ಹೇಳಲಿಲ್ಲವಾ? "ನೋಡುವ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಆಮೇಲೆ ಊಟ ಸೇರಲಿಲ್ಲ.

ಬೆಳ್ತಂಗಡಿಯ ವಕೀಲೆ ಅನಿಷಾ ನನ್ನ ಜೊತೆ ಕಾಲೇಜಿನಲ್ಲಿದ್ದವಳು. ಇವತ್ತು ಬೆಳಿಗ್ಗೆ ಅವಳಿಗೆ ಎಲ್ಲ ಹೇಳಿದೆ. ಬೈದಳು, ಚೆನ್ನಾಗಿಯೇ ಬೈದಳು. ಕೊನೆಗೆ, "ಒಂದೇ ಪ್ರಕರಣದಲ್ಲಿ ವಕೀಲನೂ ಸಾಕ್ಷಿಯೂ ಆಗಲಿಕ್ಕೆ ಬರುವುದಿಲ್ಲ ವೀರರಾಜ. ಯಾವುದು ಹೇಳು" ಎಂದಳು. ಹೇಳಿದೆ. ನಾಳೆ ನಿನ್ನ ಪಕ್ಕದಲ್ಲಿ ಅವಳು ಕೂರುತ್ತಾಳೆ. ನಾನು ಸಾಕ್ಷಿ. ನಿನ್ನನ್ನು ಇಳಿಸಿದವ ನಾನು, ಸುಳ್ಳು ಹೇಳಿಕೆ ಬರೆದವನೂ ನಾನು ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿ ಅವಳ ಕೈಗೆ ಕೊಟ್ಟಾಗಿದೆ.

ಇದರಿಂದ ನೀನು ಉಳಿಯುತ್ತೀ ಎಂದು ಮಾತು ಕೊಡಲಾರೆ. ಸುಳ್ಳಿಗೆ ಸಹಿ ಹಾಕಿದವ ನೀನೂ ಅಲ್ಲವಾ ಎಂದು ಕ್ಲಬ್ಬಿನ ವಕೀಲ ಕೇಳಿಯೇ ಕೇಳುತ್ತಾನೆ. ನನ್ನ ಪರವಾನಗಿ ಹೋಗಬಹುದು, ಈ ಕಪ್ಪು ಕೋಟಿಗೂ ನೋಟಿಸ್ ಬರಬಹುದು. ಬರಲಿ.

ನಿನ್ನಿಂದ ನನಗೆ ಎರಡು ಕೆಲಸ ಆಗಬೇಕು. ಈ ಕಾಗದವನ್ನು ಈಗಲೇ ಉಮ್ಮನಿಗೆ ಓದಿ ಹೇಳು, ಒಂದು ಸಾಲೂ ಬಿಡದೆ. ಇನ್ನೊಂದು ಕಷ್ಟದ್ದು. ನಮ್ಮಲ್ಲಿ ಹಿರಿಯರ ಹೆಸರು ಹೇಳಿ ಸಿಕ್ಕಿಸಿಹಾಕುವುದು ಮರ್ಯಾದೆ ಅಲ್ಲ ಎಂದು ಬೆಳೆದವ ನೀನು. ನಾಳೆ ಅಧ್ಯಕ್ಷರು "ಯಾರು ಇಳಿಸಿದ್ದು?" ಎಂದು ಕೇಳುವಾಗ ನೆಲ ನೋಡಬೇಡ. ವೀರಣ್ಣ ಎನ್ನಲೂ ಬೇಡ, ಆ ಹೆಸರಿನವ ಕಡತದಲ್ಲಿ ಇಲ್ಲ. ಮೂಡುಬಿದಿರೆಯ ವಕೀಲ ವೀರರಾಜ ಎಂದು ಪೂರ್ತಿ ಹೇಳು, ಗಟ್ಟಿಯಾಗಿ ಹೇಳು. ನಿನ್ನ ಸ್ವರ ನಡುಗಿದರೆ ನನ್ನ ಕಡೆ ನೋಡು, ನಾನು ತಲೆ ಎತ್ತಿ ನಿನ್ನನ್ನೇ ನೋಡುತ್ತಿರುತ್ತೇನೆ.

ನಿನ್ನ ಪಾದ ಬೇಗ ಗುಣವಾಗಲಿ, ನಿನ್ನ ಉಮ್ಮ ಇವತ್ತೇ ನಿನ್ನ ತಲೆ ಸವರಲಿ ಎಂದು ಹಾರೈಸುವ,

ನಿನ್ನ ಸಾಕ್ಷಿ,
ವೀರರಾಜ