ಗುರುತು ಸವೆದ ಗುಂಡಿ

ಅಂಗಡಿಯ ಮೇಲಿನ ಕೋಣೆ
ಭಾನುವಾರ, ಮಧ್ಯಾಹ್ನ

ನನ್ನ ವಾಚಾಳಿ ಮಗಳಿಗೆ ಅಪ್ಪನ ಪ್ರೀತಿ.

ಹೇಗಿದ್ದೀಯ? ಹಾಸ್ಟೆಲಿನ ಊಟ ಸೇರುತ್ತಿದೆಯೇ? ನಿದ್ದೆ ಬರುತ್ತಿದೆಯೇ? ಫೋನಿನಲ್ಲಿ ಕೇಳಿದರೆ ಹ್ಞಾಂ, ಹ್ಞೂಂ ಎನ್ನುತ್ತೀಯೇ ಹೊರತು ಬಾಯಿ ಬಿಡುವುದಿಲ್ಲ. ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿ ಎಲ್ಲಿ ಹೋದಳೋ. ದಿನಾ ಕ್ಲಾಸಿಗೆ ತಡವಾಗಿ ಹೋಗುತ್ತೀಯೆಂದು ನಿನ್ನ ರೂಮಿನವಳು ಅಮ್ಮನ ಹತ್ತಿರ ಹೇಳಿದಳಂತೆ. ಬೈಯಲು ಬರೆಯುತ್ತಿಲ್ಲ, ಹೆದರಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಮಂಡಿನೋವು ಅವಳ ನಾಲಿಗೆಗೆ ಇನ್ನೂ ಹರಡಿಲ್ಲ.

ಸುದ್ದಿಗೆ ಬರುತ್ತೇನೆ, ನಗಬೇಡ. ನಾನು ಮಣಿಕಟ್ಟಿಗೆ ಹಚ್ಚೆ ಹಾಕಿಸಿಕೊಳ್ಳುತ್ತಿದ್ದೇನೆ. ಹೌದು, ಟ್ಯಾಟೂ. ತಲೆಯಲ್ಲಿ ಕರಿಕೂದಲು ಹುಡುಕಬೇಕಾದ ವಯಸ್ಸಿನಲ್ಲಿ! "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮಗೆ ಮುಂಚೇನೇ ಬಂತಲ್ರೀ" ಎಂದಳು ನಿಮ್ಮಮ್ಮ.

ಕಾರಣವಿದೆ. ನೀವೆಲ್ಲ "ಅಪ್ಪನ ಮರೆವು" ಎಂದು ಆಡಿಕೊಳ್ಳುತ್ತಿದ್ದಿರಲ್ಲ, ಅದು ಮರೆವಲ್ಲ. ಅಂಗಡಿ ಮುಚ್ಚಿ, ಮೆಟ್ಟಿಲು ಹತ್ತಿ, ಊಟಕ್ಕೆ ಕೂತವನು ಮತ್ತೆ ಇಳಿದು ಹೋಗಿ ಇಸ್ತ್ರಿ ಪೆಟ್ಟಿಗೆ ನೋಡುತ್ತಿದ್ದದ್ದು ಮರೆತದ್ದಕ್ಕಲ್ಲ. ಆಫ್ ಮಾಡಿದ್ದು ಚೆನ್ನಾಗಿ ನೆನಪಿರುತ್ತದೆ, ಆದರೂ ಮನಸ್ಸು ನಂಬುವುದಿಲ್ಲ. ಕಣ್ಣು ಮುಚ್ಚಿದರೆ ಗಿರಾಕಿಗಳ ಬಟ್ಟೆ, ಸೂರು, ಮಲಗಿರುವ ನೀವಿಬ್ಬರು, ಎಲ್ಲಾ ಹೊತ್ತಿ ಉರಿಯುತ್ತದೆ. ಹೋಗಿ ತಣ್ಣಗಿರುವ ಪೆಟ್ಟಿಗೆಯನ್ನು ಮುಟ್ಟಿ ಬರುತ್ತೇನೆ. ಮೇಲೆ ಬರುವಷ್ಟರಲ್ಲಿ ಮತ್ತೆ ಅನುಮಾನ, ಸರಿಯಾಗಿ ಮುಟ್ಟಿದೆನೇ? ಕೊನೆಗೆ ನಿಮ್ಮಮ್ಮನೇ ನನ್ನನ್ನು ಮನಸ್ಸಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಇದೊಂದು ಕಾಯಿಲೆ, ಇದಕ್ಕೆ ಹೆಸರೂ ಇದೆ, ಮದ್ದೂ ಇದೆ ಎಂದರು ಡಾಕ್ಟರಮ್ಮ. ಮಾತ್ರೆಯ ಜೊತೆಗೆ ಒಂದು ಹೋಮ್‌ವರ್ಕನ್ನೂ ಕೊಟ್ಟರು. ಅನುಮಾನ ಬಂದರೆ ಎದ್ದು ಹೋಗಕೂಡದು. "ಆಫ್ ಆಗಿದೆಯೋ ಇಲ್ಲವೋ ಗೊತ್ತಿಲ್ಲ" ಎಂದುಕೊಂಡು ಸುಮ್ಮನೆ ಕೂರಬೇಕು. ಹೇಳಿದಷ್ಟು ಸುಲಭವೇ? ಮೈ ಬೆವರುತ್ತದೆ, ಕಾಲು ತಾನಾಗಿ ಕುಣಿಯುತ್ತದೆ. ಇಷ್ಟು ಬರೆಯುವುದರೊಳಗೆ ಒಮ್ಮೆ ಕೆಳಗೆ ಹೋಗಿ ಬಂದೆ, ಅಮ್ಮನಿಗೆ ಹೇಳಬೇಡ. ಆದರೂ ಮೊದಲಿಗಿಂತ ಎಷ್ಟೋ ವಾಸಿ.

ಅದಕ್ಕೇ ಈ ಹಚ್ಚೆ. ಕೆಳಗೆ ಹೋಗಲು ಚಿಲಕಕ್ಕೆ ಕೈ ಹೋದಾಗ ಕಣ್ಣಿಗೆ ಬೀಳುವಂಥದ್ದು ಏನಾದರೂ ಬೇಕು. ಹಚ್ಚೆ ಅಂಗಡಿಯವಳು ನಿನ್ನ ವಯಸ್ಸಿನವಳು, ಕುತ್ತಿಗೆ ತುಂಬ ಬಳ್ಳಿ. ನಾನು ಯಾರದೋ ವಿಳಾಸ ಕೇಳಲು ಬಂದೆನೆಂದುಕೊಂಡಳು. ವಿಷಯ ತಿಳಿದ ಮೇಲೆ ಆಲ್ಬಮ್ ತೆರೆದಳು. ಪಂಜರದಿಂದ ಹಾರುವ ಹಕ್ಕಿ ಚೆನ್ನಾಗಿತ್ತು, ಆದರೆ ಪಂಜರದ ಬಾಗಿಲು ಸರಿಯಾಗಿ ಹಾಕಿಲ್ಲವಲ್ಲ ಎಂದು ನನ್ನ ಕಣ್ಣು ಅಲ್ಲಿಗೇ ಹೋಯಿತು. ಆಮೇಲೆ ಒಂದು ಚುಕ್ಕಿ, ಅದರ ಕೆಳಗೆ ಅಲ್ಪವಿರಾಮ, ಅದೇ ವಾಕ್ಯ ಮುಗಿಸದೆ ನಡುವೆ ಹಾಕುವ ಅರ್ಧವಿರಾಮ. "ಮನಸ್ಸಿನ ಕಷ್ಟ ದಾಟಿದೋರು ಇದನ್ನ ಹಾಕಿಸ್ಕೋತಾರೆ ಅಂಕಲ್, ಕಥೆ ಇನ್ನೂ ಮುಗ್ದಿಲ್ಲ ಅಂತ" ಎಂದಳು. ಆ ಮಾತಿಗೆ ನನಗೆ ಗೌರವ ಬಂತು. ಆದರೆ ಯಾವುದೂ ಮುಗಿಯುವುದೇ ಇಲ್ಲ ಎನ್ನುವುದೇ ನನ್ನ ಕಷ್ಟವಲ್ಲವೇ?

ಕಡೆಗೆ, ಇಸ್ತ್ರಿ ಪೆಟ್ಟಿಗೆಯ ಬಿಸಿ ಏರಿಸಿ ಇಳಿಸುವ ಗುಂಡಿಯನ್ನು ಸೊನ್ನೆಗೆ ತಿರುಗಿಸಿದಂತೆ ಬಿಡಿಸಮ್ಮ ಎಂದೆ. ಪೆನ್ನಿನಲ್ಲಿ ಬಿಡಿಸಿ, ಸ್ವಲ್ಪ ದಿನ ನೋಡಿಕೊಂಡು ಬನ್ನಿ ಎಂದಳು. ನೋಡಿದೆ, ನೋಡಿದೆ, ನೋಡುತ್ತಲೇ ಇದ್ದೆ! ಗೆರೆ ಸೊನ್ನೆಯ ಮೇಲೇ ಇದೆಯೇ, ಕೂದಲೆಳೆಯಷ್ಟು ಆಚೆಗಿದೆಯೇ ಎಂದು ನನ್ನ ಕೈಯನ್ನೇ ಪರೀಕ್ಷಿಸತೊಡಗಿದೆ. "ಇರಲಾರದೆ ಇರುವೆ ಬಿಟ್ಕೊಂಡ್ರಿ" ಎಂದು ನಿಮ್ಮಮ್ಮ ತಾನೇ ಸೋಪು ಹಚ್ಚಿ ತೊಳೆದಳು.

ಮರುದಿನ ಕೆಲಸ ಮಾಡುವಾಗ ನಮ್ಮ ಹಳೆಯ ಪೆಟ್ಟಿಗೆಯನ್ನು ನೋಡಿದೆ. ಅದರ ಗುಂಡಿಯ ಮೇಲಿನ ಗೆರೆ, ಅಂಕೆ ಎಲ್ಲಾ ನನ್ನ ಬೆರಳಿಗೇ ಸವೆದುಹೋಗಿವೆ. ನೋಡಿದರೆ ಏನೂ ತಿಳಿಯುವುದಿಲ್ಲ. ಓಡಿಹೋಗಿ ಅದನ್ನೇ ಬಿಡಿಸಲು ಹೇಳಿದೆ, ಬರೀ ಒಂದು ಗುಂಡಿ, ಗುರುತಿಲ್ಲದ್ದು. "ಇದು ಆನಾ ಆಫಾ, ಅಂಕಲ್?" ಎಂದಳು. "ಗೊತ್ತಿಲ್ಲಮ್ಮ" ಎಂದೆ. ಆ ಮಾತನ್ನು ಅಷ್ಟು ನಿರಾಳವಾಗಿ ನಾನು ಎಂದೂ ಆಡಿರಲಿಲ್ಲ. ನಾಳೆ ಸೂಜಿ ಹಿಡಿಯುತ್ತಾಳೆ. ಒಮ್ಮೆ ಹಾಕಿದರೆ ಅಳಿಸಲಾಗದು, ಆದರೂ ಹೋಗುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಓದು, ಆದರೆ ನಿದ್ದೆಗೆಡಬೇಡ. ನಮ್ಮಿಬ್ಬರ ಹರಕೆ ಸದಾ ನಿನ್ನ ಬೆನ್ನಿಗಿದೆ.

ನಿನ್ನ
ಅಪ್ಪ

ಮತ್ತೆ: ಲಕೋಟೆ ಅಂಟಿಸಿದವನು ಬಿಚ್ಚಿದ್ದೇನೆ. "ಶುರುವಾಯ್ತಾ?" ಎಂದಳು ನಿಮ್ಮಮ್ಮ. ಇಲ್ಲ, ಈ ಸಲ ಅನುಮಾನಕ್ಕಲ್ಲ. ಇಷ್ಟುದ್ದ ಬರೆದೂ ಬರೆಯಬೇಕಾದ್ದನ್ನೇ ಬಿಟ್ಟಿದ್ದೆ. ರಜೆ ಮುಗಿಸಿ ಹೊರಟ ದಿನ ನೀನು ಬೀದಿ ತುದಿಯಿಂದ ಓಡಿ ಬಂದು ಬಚ್ಚಲ ನಲ್ಲಿ ನೋಡಿದೆ. ನೀರು ನಿಂತಿದ್ದ ನಲ್ಲಿಯನ್ನೇ ಮತ್ತೆ ಮತ್ತೆ ತಿರುಗಿಸಿದೆ. ಆಮೇಲೆ ಯಾರಾದರೂ ನೋಡಿದರೇ ಎಂದು ಹಿಂತಿರುಗಿ ನೋಡಿದೆ. ಆ ನೋಟ ನನ್ನದು, ಮಗಳೇ. ಬಾಗಿಲ ಮರೆಯಲ್ಲಿ ನಾನಿದ್ದೆ. ನೀನು ಸೋಮಾರಿಯಲ್ಲ, ಮರೆಗುಳಿಯಲ್ಲ, ಹುಚ್ಚಿಯಂತೂ ಅಲ್ಲ. ಡಾಕ್ಟರಮ್ಮನ ಹತ್ತಿರ ನಿನಗೂ ಸಮಯ ಕೇಳಿಟ್ಟಿದ್ದೇನೆ, ಬರುವ ಶನಿವಾರ ಬೆಳಿಗ್ಗೆ. ನಾನೂ ಜೊತೆಗೆ ಕೂರುತ್ತೇನೆ. ನೀನು ಬರುತ್ತೀಯೋ ಇಲ್ಲವೋ, ಗೊತ್ತಿಲ್ಲ. ಮತ್ತೆ ಮತ್ತೆ ಫೋನ್ ಮಾಡಿ ಕೇಳುವುದಿಲ್ಲ.