ಎಡಕ್ಕೆ ಸುತ್ತಿದ ಡಿಎನ್‌ಎ

ಮಾರ್ಚ್ 3, ಸಂಜೆ

ಸಮಸ್ತ ಸ್ಲೈಡುಗಳ ಒಡೆಯನೂ, ಬಾಣಗುರುತುಗಳ ಸೇನಾಧಿಪತಿಯೂ, ಅಕ್ಕನ ಲ್ಯಾಪ್‌ಟಾಪಿನ ಅನಧಿಕೃತ ಅರಸನೂ ಆದ ನಾನು ಈ ಪುಟವೆಂಬ ಮಹಾಸಭೆಗೆ ಅಪ್ಪಣೆ ಕೊಡಿಸುವುದೇನೆಂದರೆ — ಇವತ್ತೂ ಬೈಗುಳ ತಿಂದೆ.

"ಪರಮಾಣು ಯಾಕೋ ಬಂತು ಇಲ್ಲಿ? ನಂದು ಜೀವಕೋಶದ ಕೆಲಸ!"

"ಚೆನ್ನಾಗಿ ಸುತ್ತುತ್ತೆ ಕಣೇ."

"ನಿನ್ನ ತಲೆ ಸುತ್ತುತ್ತೆ. ತೆಗಿ."

ತೆಗೆದೆ. ಹಸಿರು ಹೊಗೆ ಕಾರುವ ಗಾಜಿನ ಬುಡ್ಡಿಗೂ ಗಡೀಪಾರು. ಉಳಿದದ್ದು ನಾಲ್ಕನೇ ಸ್ಲೈಡಿನ ದೊಡ್ಡ ಡಿಎನ್‌ಎ ಚಿತ್ರ. ಗ್ರಾಫಿನ ಮೇಲೆ ವಾಲುತ್ತಿತ್ತು. ಫ್ಲಿಪ್ ಮಾಡಿದೆ — ಕನ್ನಡಿಯೊಳಗಿನ ಹಾಗೆ. ಜಾಗ ಆಯ್ತು.

ಶುಕ್ರವಾರ ಅಕ್ಕ ಸಮಿತಿಯ ಮುಂದೆ ಮಾತಾಡಬೇಕು. ಒಪ್ಪಿದರೆ ಲ್ಯಾಬಿನಲ್ಲಿ ಇನ್ನೆರಡು ವರ್ಷ. ಇಲ್ಲದಿದ್ದರೆ ಈ ತಿಂಗಳೇ ಮೇಜು ಖಾಲಿ ಮಾಡಬೇಕು. ಮಾತಾಡುವುದೆಂದರೆ ಅವಳಿಗೆ ಜನಕ್ಕೆ ಬೆನ್ನು ಹಾಕಿ ಪರದೆ ಓದುವುದು. ಮೌಸ್ ಮುಟ್ಟಿದರೆ ಕೈ ನಡುಕ. ಅದಕ್ಕೇ ಕೀಬೋರ್ಡಿಗೆ ನಾನು.

ಮಾರ್ಚ್ 5, ಮಧ್ಯಾಹ್ನ

ಸ್ಲೈಡುಗಳ ಫೈಲು ಸಮಿತಿಯ ಆಫೀಸಿಗೆ ಹೋಯಿತು. ಇನ್ನು ತಿದ್ದುವಂತಿಲ್ಲ. ಆಮೇಲೆ ಅಕ್ಕನ ಲ್ಯಾಬಿನ ಸೀನಿಯರ್ ಪ್ರಿಂಟ್ ಹಿಡಿದು ಬಂದು ನನ್ನನ್ನು ಮೂಲೆಗೆ ಎಳೆದ.

"ಲೋ, ಇದನ್ನ ಫ್ಲಿಪ್ ಮಾಡಿದ್ಯಾ?"

"ಒಂಚೂರು..."

"ಡಿಎನ್‌ಎ ಬಲಕ್ಕೆ ಸುತ್ತಬೇಕು ಕಣೋ, ಸ್ಕ್ರೂ ಥರ. ನಿಂದು ಎಡಕ್ಕೆ ಸುತ್ತಿದೆ! ಸಮಿತೀಲಿ ಸಣ್ಣ ತಪ್ಪನ್ನೂ ಬಿಡದ ಭೂತಗನ್ನಡಿ ಮೇಡಂ ಇದ್ದಾರೆ. ಹೋದ ಸಲ ಇದೇ ತಪ್ಪಿಗೆ ಒಬ್ಬನ್ನ ಅರ್ಧಕ್ಕೇ ಕೂರಿಸಿದ್ರು."

"ಅಕ್ಕಂಗೆ ಹೇಳ್ಲಾ?"

"ಹೇಳಿದ್ರೆ ಅವಳು ಈಗ್ಲೇ ಕೂತ್ಬಿಡ್ತಾಳೆ."

ಹೇಳಲಿಲ್ಲ. ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದೆ.

"ಯಾಕೋ ಸುಮ್ನಿದ್ದೀಯ? ಏನ್ ಕಿತಾಪತಿ?" — ಅಕ್ಕ.

ಕಿತಾಪತಿ ಮಾಡದೆ ಸಿಕ್ಕಿಬಿದ್ದದ್ದು ಇದೇ ಮೊದಲು.

ಮಾರ್ಚ್ 6, ಶುಕ್ರವಾರ

ಮೂರನೇ ಸ್ಲೈಡು. ಮೇಡಂ ಕನ್ನಡಕ ಒರೆಸಿ ಹಾಕಿಕೊಂಡರು. ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟೆ. ನಾಲ್ಕನೆಯದು ರೆಪ್ಪೆ ಬಡಿಯುವಷ್ಟು ಹೊತ್ತು ಬಂತು... ಪರದೆ ಕಪ್ಪು.

ಅಕ್ಕನಿಗೆ ಓದಲು ಏನೂ ಇಲ್ಲ. ತಿರುಗಿದಳು. ಜನರ ಮುಖ ನೋಡಿದಳು. ಸತ್ತೆವು ಅಂದುಕೊಂಡೆ.

"ಪರವಾಗಿಲ್ಲ, ಕೈಯಲ್ಲೇ ತೋರಿಸ್ತೀನಿ," ಅಂದಳು. ಎರಡೂ ತೋಳು ಹೆಣೆದು ಸುತ್ತಿದಳು. ಬಲಕ್ಕೆ! ನಡುಕವೇ ಇಲ್ಲ. ಆಮೇಲೆ ಪರದೆಯ ಕಡೆ ತಿರುಗಲೇ ಇಲ್ಲ, ಕೊನೆಯವರೆಗೂ.

"ಸರಿಯಾಗೇ ಸುತ್ತಿದ್ರಿ," ಅಂದರು ಮೇಡಂ. "ಸ್ಲೈಡು ಹಾಕೋರು ಎಷ್ಟೋ ಜನಕ್ಕೆ ಅದೇ ಗೊತ್ತಿರಲ್ಲ."

ನಾನು ನೆಲ ನೋಡಿದೆ. ನೆಲ ಚೆನ್ನಾಗಿತ್ತು.

ಮಾರ್ಚ್ 9

ಒಪ್ಪಿದರು! ಸಭಾಂಗಣದ ಕಂಪ್ಯೂಟರು ಕೆಟ್ಟಿತ್ತೆಂದು ಅಕ್ಕ ನಂಬಿದ್ದಾಳೆ. ಸೀನಿಯರ್ ಬಂದು ಬೆನ್ನು ತಟ್ಟಿದ. "ಬಿ ಒತ್ತಿ ಪರದೆ ಕಪ್ಪು ಮಾಡಿದ್ಯಲ್ಲ... ಏನ್ ತಲೆ ನಿಂದು!" ಗಂಭೀರವಾಗಿ ಕತ್ತು ಬಾಗಿಸಿ ಗೌರವ ಸ್ವೀಕರಿಸಿದೆ.

ಈ ಪುಟಕ್ಕೆ ಮಾತ್ರ — ಎನ್ ಒತ್ತಿದರೆ ಮುಂದಿನ ಸ್ಲೈಡು. ಅದನ್ನೇ ಎರಡು ಸಲ ಒತ್ತಿ ಐದಕ್ಕೆ ಹಾರುವುದು ನನ್ನ ಮಹಾತಂತ್ರ. ಬಿ ಅದರ ಪಕ್ಕದ ಕೀ. ಎರಡನೇ ಸಲ ಬೆರಳು ಜಾರಿ ಅದರ ಮೇಲೆ ಬಿತ್ತು. ಆಮೇಲೆ ಪರದೆ ವಾಪಸ್ ತರುವುದು ಹೇಗೆಂದು ನನಗೆ ಗೊತ್ತೇ ಇರಲಿಲ್ಲ.