ಕೆಳಗಿನ ಖೋಲಿ

ಅಫಜಲಪುರ
ಶುಕ್ರವಾರ ಸಂಜೆ, 14 ನವೆಂಬರ್ 2025

ಮೊದಲು ವಾರ್ಡನ್ ಮೇಡಂ ಅವರಿಗೆ ನಮಸ್ಕಾರ. ಅದು ಮುಗಿದ ಮೇಲೆ ನಾದಿನಿ ವಿದ್ಯಾವತಿಗೆ ಗುರುಶಾಂತ ಮಾಮಾನ ಆಶೀರ್ವಾದ.

ನಿನ್ನ ನೋಟೀಸು ಮುಟ್ಟಿತು. ನರ್ಸಿಂಗ್ ಮೊದಲ ವರ್ಷದ ಶೀತಲ್ ಕಾಳೆ ಮೂರು ವಾರದಿಂದ ಹಾಸ್ಟೆಲಿನಲ್ಲಿ ಇಲ್ಲ, ಸೋಮವಾರದೊಳಗೆ ಪಾಲಕರು ಲಿಖಿತ ವಿವರಣೆ ಕೊಡದಿದ್ದರೆ ಅವಳ ಮಂಚ ಬೇರೆಯವರಿಗೆ, ಆಮೇಲೆ ಕಾಲೇಜಿನವರೂ ಹೆಸರು ತೆಗೆಯುತ್ತಾರೆ ಎಂದು ಬರೆದಿದ್ದೀಯ. ಫೋನು ಮಾಡಿದರೆ, “ಮಾಮಾ, ನೀವು ಫೋನ್ ಹಿಡದ್ರ ಬಿಡಂಗಿಲ್ಲ, ಏನದ ಅದು ಬರದು ಕಳಸ್ರಿ” ಎಂದು ಇಟ್ಟುಬಿಟ್ಟೆ. ಸರಿ, ಬರೆಯುತ್ತಿದ್ದೇನೆ. ಪೆನ್ನು ಹಿಡಿದರೂ ಬಿಡುವವನಲ್ಲ ನಾನು, ಅದನ್ನು ನೀನು ಮೊದಲೇ ಯೋಚಿಸಬೇಕಿತ್ತು.

ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲೇ ಬರೆಯೋಣವೆಂದು ಕುಳಿತಿದ್ದೆ. “ವಿತ್ ರೆಫರೆನ್ಸ್ ಟು ದಿ ಅಬೌ ಸಬ್ಜೆಕ್ಟ್, ಐ ಬೆಗ್ ಟು ಸ್ಟೇಟ್ ದ್ಯಾಟ್” ಎನ್ನುವವರೆಗೆ ಸರಾಗವಾಗಿ ಬಂತು. ದ್ಯಾಟ್ ಆದ ಮೇಲೆ ಏನು ಹಾಕಬೇಕೆಂಬುದು ಬಿ.ಎ. ಎರಡನೇ ವರ್ಷದಲ್ಲೇ ಉಳಿದುಹೋಗಿದೆ. ಆಮೇಲೆ ಕನ್ನಡದಲ್ಲಿ ಯೋಚಿಸಿದರೂ ಅಷ್ಟೇ. ಹುಡುಗಿ ಯಾಕೆ ಹಾಸ್ಟೆಲು ಬಿಟ್ಟಳು ಎಂದು ನನಗೇ ಗೊತ್ತಿಲ್ಲ. ಬಿಟ್ಟಿದ್ದಾಳೆ ಎಂಬುದೇ ನಿನ್ನ ನೋಟೀಸಿನಿಂದ ತಿಳಿಯಿತು.

ನಿನಗೆ ಗೊತ್ತಿದ್ದದ್ದೇ, ಆದರೂ ಲಿಖಿತ ಎಂದ ಮೇಲೆ ಎಲ್ಲವೂ ಇರಲಿ. ನಿಂಬರ್ಗಾದ ಶಾಲೆಯಲ್ಲಿ ನಿನ್ನಕ್ಕ ಗಂಗಾಬಾಯಿ ಕಲಿಸುತ್ತಿದ್ದಾಗ ಊರ ಹೊರಗಿನ ಬೇಟೆಗಾರ ಪಾರಧಿ ಜನರ ವಸ್ತಿಯಿಂದ ಬರುತ್ತಿದ್ದ ಹುಡುಗಿ ಇದು. ತಂದೆ ತಾಯಿ ಇಲ್ಲ, ಸಾಕಿದವನು ಅಜ್ಜ ದಗಡೂ. ಊರಲ್ಲಿ ಒಂದು ಕೋಳಿ ಕಾಣೆಯಾದರೂ ಪೊಲೀಸರು ಮೊದಲು ಬರುವುದು ಆ ವಸ್ತಿಗೇ. ಅಲ್ಲಿಂದ ಹತ್ತನೇ ಇಯತ್ತೆ ದಾಟಿದವಳು ಇವಳೊಬ್ಬಳೇ. ಜಾತಿ ಪ್ರಮಾಣಪತ್ರಕ್ಕೆ ಆಳಂದದ ತಹಸೀಲ್ ಕಚೇರಿಗೆ ಗಂಗಾ ಎಷ್ಟು ಸಲ ತಿರುಗಿದಳೋ. ಇವಳು ನರ್ಸ್ ಆಗಬೇಕು ಎಂದು ಹಿಡಿದ ಹಟವನ್ನು ನನ್ನ ಕೈಯಲ್ಲಿಟ್ಟು ತಾನು ಹೋಗಿಬಿಟ್ಟಳು. ನಾನು ಬಸ್ ಸ್ಟ್ಯಾಂಡಿನಲ್ಲಿ ಯಾವ ಗಾಡಿ ಯಾವಾಗ ಬಿಡಬೇಕೆಂದು ಕೂಗುತ್ತಿದ್ದ ಕಂಟ್ರೋಲರ್. ಹುಡುಗಿಯರನ್ನು ಓದಿಸುವುದು ನನಗೇನು ಗೊತ್ತು?

ಮನೆಯಲ್ಲಿ ಕೂರಲು ಆಗುವುದಿಲ್ಲ, ವಿದ್ಯಾ. ಚಹಾ ಇಡುತ್ತೇನೆ, ಕುಡಿಯುವ ಮೊದಲೇ ಚಪ್ಪಲಿ ಹಾಕಿಕೊಂಡಿರುತ್ತೇನೆ. ಡ್ರೈವರ್ ಚಾಂದಪಾಶಾ ಮೊನ್ನೆ ಎಲ್ಲರ ಮುಂದೆ, “ಗುರುಶಾಂತಣ್ಣಾ, ರಿಟೈರ್ ಆದವ್ರು ಮನಿಗಿ ಹೋಗ್ತಾರ, ನೀವು ಬಸ್ಸಿಗೇ ಬಂದೀರಿ. ಒಂದು ಸೀಟಿಗಿ ನಿಮ್ಮ ಹೆಸರು ಬರಸಲೇನು?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ, ಅಥವಾ ಆಗು. ದೀಪಾವಳಿಯ ಮೊದಲು ಯಾರದೋ ಮೊಬೈಲ್ ಕಾಣದಾದಾಗ ನೀನು ಮೊದಲು ತೆರೆಸಿದ್ದು ಯಾರ ಪೆಟ್ಟಿಗೆ? ಮೊಬೈಲು ಕಳಕೊಂಡವಳ ದಿಂಬಿನ ಗಲೀಫಿನಲ್ಲೇ ಇತ್ತು ಎಂದು ನೀನೇ ನಗುತ್ತ ಹೇಳಿದೆ. ಶೀತಲ್ ನಕ್ಕಳೇ ಎಂದು ನಾನು ಕೇಳಲಿಲ್ಲ. ಗಂಗಾ ತೀರಿದಾಗ ಅವಳು ಬಂದು ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಕುಳಿತಿದ್ದಳು. ನೀನು ಅವಳನ್ನು ಎಬ್ಬಿಸಿ ಹೊರಗಿನ ಕಟ್ಟೆಯ ಮೇಲೆ ಕೂರಿಸಿದೆ. ಆ ದಿನ ಜಗಳ ಬೇಡವೆಂದು ಸುಮ್ಮನಿದ್ದೆ. ಅವಳು ಬಿಟ್ಟು ಬಂದದ್ದಕ್ಕೆ ಇಂಥದ್ದೇ ಏನೋ ಇರಬೇಕು ಎಂದು ನನ್ನ ಲೆಕ್ಕ. ಹಾಗಿದ್ದರೆ ಲಿಖಿತ ವಿವರಣೆ ಕೊಡಬೇಕಾದವಳು ನೀನು.

ನಾಳೆ ನಿಂಬರ್ಗಾಕ್ಕೆ ಹೋಗುತ್ತೇನೆ. ಬಂದು ಮುಂದುವರಿಸುತ್ತೇನೆ.

ಶನಿವಾರ, ಊಟದ ಹೊತ್ತು ಮೀರಿದೆ

ಮೇಲೆ ಬರೆದದ್ದನ್ನು ಹೊಡೆದು ಹಾಕುವುದಿಲ್ಲ. ಪೆಟ್ಟಿಗೆ ತೆರೆಸಿದ್ದು ತಪ್ಪೇ. ಆದರೆ ಅವಳು ಬಂದದ್ದು ಅದಕ್ಕಲ್ಲ. ಅವಳು ಬಂದದ್ದು ನನ್ನಿಂದ.

ವಸ್ತಿಗೆ ಹೋದಾಗ ಸುತ್ತ ತೊಗರಿ ಎದೆಮಟ್ಟ ನಿಂತಿತ್ತು. ಶೀತಲ್ ಗುಡಿಸಲ ಮುಂದೆ ಅಕ್ಕಿ ಕೇರುತ್ತಿದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಹೋಗಿ ನೀರು ತಂದಳು. ನಾನು ಕುಡಿದೆ. ಅಜ್ಜ ದೂರದಲ್ಲಿ ಬೇವಿನ ಬುಡದಲ್ಲಿ ಒಬ್ಬನೇ ಕುಳಿತಿದ್ದ. ನಾಲ್ಕು ಮಾರು ಆಚೆ ಉಳಿದ ಗಂಡಸರು ಚಹಾ ಕುಡಿಯುತ್ತಿದ್ದರು. ಆ ಅಂತರವೇ ನನಗೆ ಮೊದಲು ಕಂಡದ್ದು.

ನಾನು ಅಜ್ಜನ ಪಕ್ಕ ಕುಳಿತು, ಹುಡುಗಿಯನ್ನು ಯಾಕೆ ಕರೆದುಕೊಂಡು ಬಂದಿ ಎಂದು ಕೇಳಿದೆ. ಅವನು, “ನಾ ಕರದಿಲ್ರಿ ಸಾಹೇಬ್ರ. ಅದೇ ಬಂದದ. ಹೋಗು ಅಂದ್ರ ಹೋಗವಲ್ದು” ಎಂದ. ಆಮೇಲೆ ನಿಧಾನವಾಗಿ ಹೇಳಿದ.

ದೀಪಾವಳಿ ಆದ ಮೇಲೆ ಅವನು ಮೊಮ್ಮಗಳನ್ನು ನೋಡಲು ಒಂದು ಚೀಲ ಸೀತಾಫಲ ಹೊತ್ತು ಜೇವರ್ಗಿಗೆ, ನಿಮ್ಮ ಹಾಸ್ಟೆಲಿಗೆ ಬಂದಿದ್ದನಂತೆ. ನಿಮ್ಮ ಕೆಳಗಿನ ಭೇಟಿ ಕೋಣೆಯಲ್ಲಿ ಕೂರಿಸಿದಿರಿ. ಕುರ್ಚಿ ಕೊಟ್ಟಿರಿ, ಅದನ್ನು ಅವನು ಎರಡು ಸಲ ಹೇಳಿದ. ಶೀತಲ್ ಕ್ಲಾಸಿನಿಂದ ಇನ್ನೂ ಬಂದಿರಲಿಲ್ಲ. ಅವಳ ಖೋಲಿ ಯಾವುದೆಂದು ಅವನು ಅಲ್ಲಿದ್ದ ಹುಡುಗಿಯೊಬ್ಬಳನ್ನು ಕೇಳಿದ. ಅವಳು ಬೆರಳು ಎತ್ತಿ ಸೂರಿನ ಕಡೆ ತೋರಿಸಿ, ಇಲ್ಲೇ ನಿಮ್ಮ ತಲೆಯ ಮೇಲೆ ಎಂದಳು. ಅಜ್ಜ ಎದ್ದ. ಚೀಲ ಅಲ್ಲೇ ಬಿಟ್ಟು ಹೊರಗೆ ಬಂದ. ಗೇಟಿನಲ್ಲಿ ಮೊಮ್ಮಗಳು ಎದುರಾದಳು. ಅವಳಿಗೆ ಏನೂ ಹೇಳದೆ ಬಸ್ಸು ಹತ್ತಿದ. ಅವಳಿಗೆ ಹೇಳುವ ಅಗತ್ಯವೂ ಇರಲಿಲ್ಲ.

ಅವರಲ್ಲಿ ಹೆಣ್ಣು ಮೇಲಿನ ಮಹಡಿಯಲ್ಲಿದ್ದರೆ ಅವಳ ಕೆಳಗೆ ಅವರ ಯಾವ ಗಂಡಸೂ ಕೂರಬಾರದು. ಒಣಗಲು ಹಾಕಿದ ಸೀರೆಯ ಕೆಳಗೂ ಹಾಯುವುದಿಲ್ಲ. ಬೇರೆ ಕಡೆ ಈಗ ಬಿಟ್ಟಿದ್ದಾರಂತೆ, ಈ ವಸ್ತಿಯ ಹಿರಿಯರು ಬಿಟ್ಟಿಲ್ಲ. ಗುಡಿಸಲಿಗೆ ಮಹಡಿ ಇರುವುದಿಲ್ಲ, ಹೀಗಾಗಿ ಇಷ್ಟು ವರ್ಷ ಹೋಗಿ ಬಂದರೂ ಈ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಗಂಗಾಗೆ ಗೊತ್ತಿತ್ತೇನೋ.

ಅಜ್ಜ ಊರಿಗೆ ಬಂದವನೇ ಹಿರಿಯರ ಮುಂದೆ ನಿಂತು ಹೀಗಾಯಿತು ಎಂದು ತಾನೇ ಹೇಳಿದ. ಅವರು, ಹುಡುಗಿ ಕೆಳಗಿಳಿಯುವವರೆಗೆ ನಿನ್ನ ಕೈಯ ನೀರು ಮುಟ್ಟುವುದಿಲ್ಲ ಎಂದರು. ನನಗೆ ತಲೆಕೆಟ್ಟಿತು. ಜೇವರ್ಗಿಯಲ್ಲಿ ಯಾರು ನೋಡಿದ್ದರು, ನೀನು ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಗದರಿದೆ. ಅವನು ನನ್ನ ಮುಖ ನೋಡಿ, “ನನಗ ಗೊತ್ತಾಗ್ತಿತ್ತಲ್ರಿ” ಎಂದ. 

ಆ ಸುದ್ದಿ ಮುಟ್ಟಿದ ದಿನವೇ ಶೀತಲ್ ಬಿಟ್ಟು ಬಂದಳು. ಬಂದರೂ ಇವತ್ತು ನಾನು ಹೋಗುವವರೆಗೆ ಅಜ್ಜನ ನೀರು ನಡೆದಿರಲಿಲ್ಲ. ಮೇಲಿನ ಖೋಲಿ ಅವಳ ಹೆಸರಿನಲ್ಲೇ ಇದೆಯಲ್ಲ, ನಾಳೆ ಮತ್ತೆ ಹತ್ತುತ್ತಾಳೆ ಎನ್ನುತ್ತಿದ್ದರು.

ವಿದ್ಯಾ, ಜೂನ್ ತಿಂಗಳು ನೆನಪು ಮಾಡಿಕೊ. ನೀನು ಅವಳಿಗೆ ಕೊಟ್ಟದ್ದು ಕೆಳಗೆ ಅಡುಗೆಮನೆಯ ಪಕ್ಕದ ಖೋಲಿ. ನಾನು ಜಗಳ ತೆಗೆದೆ. ಪಾರಧಿಯವಳು ಎಂದು ಹೊಗೆಯಲ್ಲಿ ಹಾಕುತ್ತೀಯಾ, ಮೇಲೆ ಗಾಳಿ ಬೆಳಕು ಇದೆ, ಅಲ್ಲೇ ಕೊಡು ಎಂದು ನಿನ್ನ ಆಫೀಸಿನಲ್ಲಿ ಮೇಜು ಗುದ್ದಿದೆ. ನೀನು ಹಲ್ಲು ಕಚ್ಚಿ ಕೊಟ್ಟೆ. ನಾನೇ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದೆ. ಗೆದ್ದವನ ಹಾಗೆ ಕಿಟಕಿ ತೆರೆದು ತೋರಿಸಿದೆ.

ಆಗಲೇ ಯಾಕೆ ಹೇಳಲಿಲ್ಲ ಎಂದು ಇವತ್ತು ಶೀತಲ್‌ಳನ್ನು ಕೇಳಿದೆ. “ಕಾಕಾ, ನೀವು ಪೆಟ್ಟಿಗಿ ಹೊತ್ತು ಮ್ಯಾಲ ಹತ್ತಿದ್ರಿ. ಏದುಸಿರು ಬಿಡಾಕತ್ತಿದ್ರಿ, ನಗಾಕತ್ತಿದ್ರಿ. ಕೆಳಗೇ ಇರ್ತೇನಿ ಅಂತ ಹ್ಯಾಂಗ ಹೇಳ್ಲಿ?” ಎಂದಳು. ಮೊರದಲ್ಲಿ ಅಕ್ಕಿ ಇರಲಿಲ್ಲ, ಆದರೂ ಕೇರುತ್ತಿದ್ದಳು. ನೀನು ಇದನ್ನು ನಂಬುತ್ತೀಯಾ ಎಂದೆ. ತಾನು ನಂಬುವುದಿಲ್ಲ, ಆದರೆ ಅಜ್ಜ ಒಬ್ಬನೇ ಕುಳಿತು ರೊಟ್ಟಿ ತಿನ್ನುವುದನ್ನು ನೋಡಿಕೊಂಡು ಅನಾಟಮಿ ಓದಲು ಆಗುವುದಿಲ್ಲ ಎಂದಳು.

ನನಗೆ ಸುಲಭದ ದಾರಿ ಹೊಳೆಯಿತು. ಜ್ವರ ಎಂದು ಬರೆದುಬಿಡುತ್ತೇನೆ, ಡಾಕ್ಟರ ಚೀಟಿ ತರುತ್ತೇನೆ ಎಂದೆ. ಹುಡುಗಿ ಮೊರ ಕೆಳಗಿಟ್ಟಳು. “ಸುಳ್ಳು ಹೇಳಿ ಹೋಗಂಗಿಲ್ರಿ. ನಾ ಜ್ವರ ಅಂದ್ರ, ನಮ್ಮ ವಸ್ತಿಯಿಂದ ಮುಂದ ಹೋಗೋ ಹುಡುಗೀನೂ ಮ್ಯಾಲೇ ಹಾಕ್ತಾರ. ಅಕಿಗೂ ಜ್ವರ ಬರ್ತದ. ಆಮ್ಯಾಲ ಮೇಡಂ, ಇವರ ಹುಡುಗ್ಯಾರಿಗಿ ಓದೂದ ಆಗಂಗಿಲ್ಲ ಅಂತಾರ.” ಹತ್ತನೇ ಇಯತ್ತೆಯಲ್ಲಿ ಈಗ ಅಲ್ಲಿ ಇನ್ನೊಬ್ಬಳಿದ್ದಾಳೆ, ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು.

ಕೆಳಗೆ ಖೋಲಿ ಸಿಕ್ಕರೆ ಹೋಗುತ್ತೀಯಾ ಎಂದೆ. ಹೋಗುತ್ತೇನೆ ಎಂದಳು. ಆದರೆ ಅಷ್ಟಕ್ಕೇ ಬಿಡಲಿಲ್ಲ, ಅಜ್ಜನ ಕಡೆ ತಿರುಗಿ ಜೋರಾಗಿಯೇ ಹೇಳಿದಳು. ಖೋಲಿ ಕೆಳಗಾದರೂ ದವಾಖಾನೆಯಲ್ಲಿ ಡ್ಯೂಟಿ ಬೀಳುತ್ತದೆ, ಹೆಂಗಸರ ವಾರ್ಡು ಮೇಲಿದೆ, ಗಂಡಸರದು ಕೆಳಗೆ. ಅವತ್ತು ತಾನು ಮೇಲೆ ಹತ್ತುವುದೇ. ಈಗಲೇ ಹೇಳುತ್ತಿದ್ದೇನೆ, ಆಮೇಲೆ ಎದ್ದು ಹೋಗಬೇಡ ಎಂದಳು. ಆ ಕಡೆ ಚಹಾ ಕುಡಿಯುತ್ತಿದ್ದವರೂ ಇತ್ತ ತಿರುಗಿದರು. ಅಜ್ಜ ಗಡ್ಡ ಕೆರೆದುಕೊಂಡ. ಆಮೇಲೆ, “ದವಾಖಾನಿ ಯಾರ ಮನಿನೂ ಅಲ್ಲ” ಎಂದ. ಹಿರಿಯನೊಬ್ಬ, “ಮುದುಕಾ, ನೀನೇ ಅಲ್ಲಿ ಕೆಳಗಿನ ಖಾಟಿನ ಮ್ಯಾಲ ಬಿದ್ರ?” ಎಂದು ಕೆಣಕಿದ. ಶೀತಲ್ ಬಿಟ್ಟಾಳೆಯೇ? “ನಮ್ಮಜ್ಜಗ ಎಲ್ಲಾರಕಿಂತ ಮ್ಯಾಲಿನ ಮಂಜಿಲ್‌ನಾಗ ಖಾಟ ಹಾಕ್ತೇನಿ. ಅವನ ತಲಿಮ್ಯಾಲ ಕಾಗಿ ಬಿಟ್ರ ಯಾರೂ ಇರಂಗಿಲ್ಲ” ಎಂದಳು. ಮೊದಲು ನಕ್ಕವನು ದಗಡೂ. ಉಳಿದವರು ನಕ್ಕರೋ ಇಲ್ಲವೋ, ನಾನು ನೋಡಲಿಲ್ಲ. ದವಾಖಾನೆಯ ಮಾತನ್ನು ಹಿರಿಯರು ಒಪ್ಪಿದರೆಂದು ನಾನು ಬರೆಯಲಾರೆ. ಬೇಡ ಎಂದೂ ಅನ್ನಲಿಲ್ಲ. ಹಾಸ್ಟೆಲಿನ ಖೋಲಿ ಕೆಳಗಾದರೆ ಅಜ್ಜನ ಕೈಯ ನೀರು ಕುಡಿಯುತ್ತೇವೆ ಎಂದರು, ಅಷ್ಟು ಖಚಿತ.

ಭಾನುವಾರ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಇವತ್ತು ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಸುಮ್ಮನೆ ಬಂದೆ. ಇನ್ನು ಅಂಚೆಗೆ ಹಾಕಿದರೆ ಈ ಪತ್ರ ನಿನಗೆ ಮುಟ್ಟುವಷ್ಟರಲ್ಲಿ ಸೋಮವಾರ ಕಳೆದಿರುತ್ತದೆ, ಅದು ಶುಕ್ರವಾರವೇ ನನಗೆ ಹೊಳೆಯಬೇಕಿತ್ತು.

ಅಡುಗೆಮನೆಯ ಪಕ್ಕದ ಆ ಖೋಲಿ ಈಗ ಇಲ್ಲ, ಅಲ್ಲಿ ಸಿಲಿಂಡರು, ಅಕ್ಕಿ ಚೀಲ ತುಂಬಿದ್ದೀರಿ ಎಂದು ಶೀತಲ್ ಹೇಳಿದಳು. ಹೀಗಾಗಿ ಕೆಳಗೆ ಎಲ್ಲಾದರೂ ಒಂದು ಜಾಗ ನೋಡಿಕೊಡು ಎಂದಷ್ಟೇ ಕೇಳುತ್ತೇನೆ. ಎಲ್ಲಾದರೂ ಎಂದರೆ ಎಲ್ಲಿ ಎಂದು ಈಗ ಬೆಳೆಸುವುದಿಲ್ಲ. ಅವಳಿಗೆ ಗಾಳಿ ಬೆಳಕು ಬೇಕಾಗಿಲ್ಲ. ಅವಳ ಅಜ್ಜ ಬಂದಾಗ ಕುರ್ಚಿಯ ಮೇಲೆ ಕೂರಬೇಕು, ಅಷ್ಟೇ ಬೇಕಾಗಿರುವುದು. ಬಿಟ್ಟ ಕ್ಲಾಸುಗಳ ಬಗ್ಗೆ ಪ್ರಿನ್ಸಿಪಾಲರ ಮುಂದೆ ಅವಳೇ ನಿಜ ಹೇಳುತ್ತಾಳಂತೆ, ರಜೆಯಲ್ಲೂ ಡ್ಯೂಟಿ ಮಾಡಿ ತುಂಬುತ್ತಾಳಂತೆ. ನೀನು ಪಕ್ಕದಲ್ಲಿ ನಿಂತರೆ ಸಾಕು, ಮಾತಾಡುವುದು ಬೇಡ. ನಮ್ಮ ಮನೆತನದಲ್ಲಿ ಮಾತು ಈಗಾಗಲೇ ಹೆಚ್ಚಾಗಿದೆ, ಅದಕ್ಕೆ ಕಾರಣ ನಾನು.

ನಿನ್ನ ಮೇಲೆ ಶುಕ್ರವಾರ ಹಾಕಿದ ಆಪಾದನೆಯಲ್ಲಿ ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ. ಉಳಿದರ್ಧ ನೀನೇ ಇಟ್ಟುಕೊ. ಸೀತಾಫಲ ಯಾರು ತಿಂದರು ಎಂದು ಅಜ್ಜ ಕೇಳಲು ಹೇಳಿದ್ದಾನೆ, ಚೆನ್ನಾಗಿದ್ದವಂತೆ.

ಐ ಹ್ಯಾವ್ ದಿ ಆನರ್ ಟು ಬಿ, ಇದು ಪೂರ್ತಿ ನೆನಪಿದೆ, ಮೇಡಂ, ಯುವರ್ ಮೋಸ್ಟ್ ಒಬೀಡಿಯೆಂಟ್

ಗುರುಶಾಂತ
ನಿನ್ನ ಮಾಮಾ, ಶೀತಲ್ ಕಾಳೆಯ ಪಾಲಕ

ತಾಜಾ ಕಲಂ: ಸೋಮವಾರ ಬೆಳಿಗ್ಗೆ. ಅಂಚೆಗೆ ಹಾಕಲಿಲ್ಲ. ನಿಮ್ಮ ಗೇಟಿನ ಕಾವಲುಗಾರನ ಕುರ್ಚಿಯ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ, ಅವನ ಕೈಯಲ್ಲೇ ಒಳಗೆ ಕಳಿಸುತ್ತೇನೆ. ಶೀತಲ್ ಪೆಟ್ಟಿಗೆಯ ಮೇಲೆ ಕುಳಿತಿದ್ದಾಳೆ. ದಗಡೂ ರಸ್ತೆಯ ಆಚೆ ನಿಂತಿದ್ದಾನೆ, ಖೋಲಿ ಕಣ್ಣಾರೆ ನೋಡದೆ ಒಳಗೆ ಬರುವುದಿಲ್ಲವಂತೆ. ಒಂದು ಮಾತು ಎರಡು ದಿನದಿಂದ ಬರೆಯಲು ಆಗಿರಲಿಲ್ಲ. ಶನಿವಾರ ಹಿರಿಯರು ನನ್ನನ್ನು, ಕೆಳಗೆ ಖೋಲಿ ಸಿಗುವುದು ನಿಜವೇ ಎಂದು ಕೇಳಿದರು. ಸಿಕ್ಕಿದೆ, ವಾರ್ಡನ್ ಮೇಡಂ ಕೆಳಗಿರುವ ತಮ್ಮ ಖೋಲಿಯಲ್ಲೇ ಎರಡನೇ ಮಂಚ ಹಾಕಿಸಿದ್ದಾರೆ ಎಂದುಬಿಟ್ಟೆ. ಬಾಯಿಂದ ಹೊರಟುಹೋಯಿತು. ಆ ಮಾತಿನ ಮೇಲೆ ಅಂದೇ ಅಜ್ಜನ ಕೈಯಿಂದ ನೀರು ಕುಡಿದರು. ಸುಳ್ಳು ಹೇಳಿ ಬರುವುದಿಲ್ಲ ಎಂದ ಹುಡುಗಿ ನನ್ನ ಸುಳ್ಳು ನಂಬಿ ಬಂದಿದ್ದಾಳೆ, ದಾರಿಯುದ್ದಕ್ಕೂ ಮೇಡಂ ಅಷ್ಟು ಒಳ್ಳೆಯವರೇ ಎಂದು ಕೇಳುತ್ತಿದ್ದಳು. ಬಸವಣ್ಣನವರ ಪಟದ ಕೆಳಗಿನ ನಿನ್ನ ಟ್ರಂಕು ಸರಿಸಿದರೆ ಒಂದು ಮಂಚ ಹಿಡಿಯುತ್ತದೆ, ನಾನು ಜೂನ್‌ನಲ್ಲೇ ನೋಡಿದ್ದೇನೆ. ವಿದ್ಯಾ, ಅವಳನ್ನು ಒಳಗೆ ಕರೆಯುವ ಮೊದಲು ಟ್ರಂಕು ಸರಿಸು.